ಅದೇ ನಂಬರಿನ ಡಿಸ್ಕು

ಆ ಡಿಸ್ಕಿನ ನಂಬರಿನ ಕೊನೆಯ ನಾಲ್ಕು ಅಂಕಿ ನನಗೆ ಈಗಲೂ ಬಾಯಿಪಾಠ. ನನ್ನ ಸ್ವಂತ ಫೋನ್ ನಂಬರು ಕೇಳಿದರೆ ಒಮ್ಮೊಮ್ಮೆ ತಡವರಿಸುತ್ತೇನೆ, ಅದನ್ನು ಹೇಳುವಾಗ ತಡವರಿಸುವುದಿಲ್ಲ. ಸಿಟ್ಟಿನಲ್ಲಿ ಓದಿದ್ದು ತಲೆಯಲ್ಲಿ ಹಾಗೇ ಉಳಿಯುತ್ತದೆ.

ನಾನು ಬೈಲಹೊಂಗಲದ ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ವಿಭಾಗ ಎಂದರೆ ನಾನೊಬ್ಬಳೇ. ಟ್ರಸ್ಟಿಗೆ ನಾಲ್ಕು ಆಸ್ಪತ್ರೆ: ದೊಡ್ಡದು ಬೈಲಹೊಂಗಲದಲ್ಲಿ, ಸಣ್ಣವು ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ. ನಾಲ್ಕೂ ಕಡೆ ಒಂದೊಂದು ಸರ್ವರ್ ಇದೆ. ರೋಗಿಗಳ ಹೆಸರು, ರಕ್ತದ ವರದಿ, ಎಕ್ಸ್‌ರೇ ಎಲ್ಲ ಅದರ ಹೊಟ್ಟೆಯಲ್ಲಿ. ಕೆಲವು ವರ್ಷಗಳ ಹಿಂದೆ ನಮ್ಮವರು ಎಕ್ಸ್‌ರೇಯ ಕರಿ ಹಾಳೆ ಕೊಡುವುದನ್ನೇ ನಿಲ್ಲಿಸಿದರು. ‘ನಿಮ್ಮ ಎಕ್ಸ್‌ರೇ ನಮ್ಮಲ್ಲಿ ಸುರಕ್ಷಿತ’ ಎಂದು ನಾಲ್ಕೂ ಆಸ್ಪತ್ರೆಗಳ ಗೋಡೆಗೆ ಫಲಕ ಹಾಕಿದರು. ಆ ಫಲಕದ ಮಾತನ್ನು ಉಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಬೆಳಿಗ್ಗೆ ಒಂಬತ್ತೂವರೆಗೆ ಕುರ್ಚಿಯಲ್ಲಿ ಕುಳಿತರೆ ನನ್ನ ಮೊದಲ ಕೆಲಸ ನಾಲ್ಕು ಊರುಗಳ ಯಂತ್ರಗಳನ್ನು ಮಾತಾಡಿಸುವುದು. ಪ್ರತಿ ಸರ್ವರಿನೊಳಗೆ ಒಂದು ಪುಟ್ಟ ಕಾರ್ಡು ಇರುತ್ತದೆ. ಅದಕ್ಕೆ ಬೇರೆಯದೇ ವೈರು, ಬೇರೆಯದೇ ಪಾಸ್‌ವರ್ಡು. ಸರ್ವರ್ ಬಂದ್ ಆಗಿದ್ದರೂ ಆ ಕಾರ್ಡು ಎಚ್ಚರವಾಗಿರುತ್ತದೆ. ನಾನು ಬೈಲಹೊಂಗಲದಲ್ಲಿ ಕುಳಿತು ಕೇಳಿದರೆ, ರಾಮದುರ್ಗದ ಯಂತ್ರದ ಮೈ ಎಷ್ಟು ಬಿಸಿ ಇದೆ, ಕಿತ್ತೂರಿನದರ ಫ್ಯಾನು ತಿರುಗುತ್ತಿದೆಯೋ ಇಲ್ಲವೋ, ಸವದತ್ತಿಯದರ ಡಿಸ್ಕುಗಳು ಹೇಗಿವೆ ಎಂದು ಹೇಳುತ್ತದೆ. ಚೆನ್ನಾಗಿದ್ದರೆ ಹಸಿರು, ಅನುಮಾನವಿದ್ದರೆ ಹಳದಿ, ಸತ್ತರೆ ಕೆಂಪು. ಎಲ್ಲ ಹಸಿರಿದ್ದ ದಿನ ಹತ್ತು ನಿಮಿಷದ ಕೆಲಸ. ಆಮೇಲೆ ದಿನವಿಡೀ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುತ್ತ ಓಡಾಡುವುದು.

ಆ ಬೇಸಿಗೆಯ ಒಂದು ಸೋಮವಾರ ಸವದತ್ತಿಯ ಮೂರನೇ ಡಿಸ್ಕು ಹಳದಿಯಾಗಿತ್ತು. ‘ಇದು ಇನ್ನೂ ಕೆಟ್ಟಿಲ್ಲ, ಆದರೆ ಬೇಗ ಕೆಡಲಿದೆ, ಬದಲಿಸಿ’ ಎಂಬರ್ಥದ ಒಂದು ಸಾಲು ಅದರ ಮುಂದೆ. ಸವದತ್ತಿಯ ಸರ್ವರಿನಲ್ಲಿ ನಾಲ್ಕು ಡಿಸ್ಕುಗಳು. ಅವುಗಳಲ್ಲಿ ಒಂದು ಸತ್ತರೂ ಉಳಿದ ಮೂರು ಸೇರಿ ಸತ್ತದರಲ್ಲಿ ಏನಿತ್ತೆಂದು ಹೇಳಬಲ್ಲವು, ಅದಕ್ಕೆ ತಕ್ಕಂತೆ ಜೋಡಿಸಿರುತ್ತಾರೆ. ಎರಡು ಸತ್ತರೆ ಮಾತ್ರ ಎಲ್ಲ ಮುಗಿಯಿತು.

ಇನ್ನೊಂದು ಪ್ರತಿ ತೆಗೆದು ಬೇರೆಡೆ ಇಟ್ಟುಕೊಂಡಿರಲಿಲ್ಲವೇ ಎಂದು ತಿಳಿದವರು ಕೇಳುತ್ತಾರೆ. ಅಕ್ಷರದಲ್ಲಿ ಬರೆದ ವರದಿಗಳ ಪ್ರತಿ ದಿನಾಲೂ ಬೈಲಹೊಂಗಲಕ್ಕೆ ಬರುತ್ತಿತ್ತು. ಎಕ್ಸ್‌ರೇ ಚಿತ್ರಗಳು ಗಾತ್ರದಲ್ಲಿ ದೊಡ್ಡವು. ಅವನ್ನು ಇಡಲು ಇನ್ನೊಂದು ಯಂತ್ರ ಬೇಕೆಂದು ನಾನು ಎರಡು ವರ್ಷದಿಂದ ಬರೆದುಕೊಡುತ್ತಿದ್ದೆ. ಮೊದಲ ವರ್ಷ ಆಸ್ಪತ್ರೆಯ ಮುಂದೆ ಗ್ರಾನೈಟಿನ ಕಮಾನು ಎದ್ದಿತು. ಎರಡನೆಯ ವರ್ಷ ಆ ಕಮಾನಿಗೆ ದೀಪ ಬಂದವು.

ಹಳದಿ ಗುರುತಿನ ಪರದೆಯನ್ನು ಪ್ರಿಂಟು ತೆಗೆದುಕೊಂಡು ಆಡಳಿತಾಧಿಕಾರಿಗಳ ಕೋಣೆಗೆ ಹೋದೆ. ಅವರು ಟ್ರಸ್ಟಿನಲ್ಲಿ ಗುಮಾಸ್ತರಾಗಿ ಸೇರಿ ಆ ಕುರ್ಚಿಗೆ ಬಂದವರು. ಕೆಟ್ಟ ಮನುಷ್ಯರೆಂದು ಹೇಳಲಾರೆ. ನನ್ನ ತಾಯಿ ಆಸ್ಪತ್ರೆ ಸೇರಿದಾಗ ಮೂರು ದಿನ ಬುತ್ತಿ ಕಳಿಸಿದ್ದರು. ಆದರೆ ಯಾವುದು ನಿಂತಿಲ್ಲವೋ ಅದು ನಡೆಯುತ್ತಿದೆ ಎಂಬುದು ಅವರ ನಂಬಿಕೆ.

ಕಾಗದವನ್ನು ಕನ್ನಡಕದ ಕೆಳಗಿನಿಂದ ನೋಡಿ ಕೇಳಿದರು. “ಬಾಯಾರ, ಇದು ಕೆಟ್ಟಿಲ್ಲಲ್ರಿ?”

“ಕೆಟ್ಟಿಲ್ರಿ ಸರ್. ಕೆಡಾಕ ಹತ್ತೇನಿ ಅಂತ ತಾನ ಹೇಳಾಕ ಹತ್ತೈತಿ.”

“ಹೇಳಾಕ ಹತ್ತೈತಿ ಅಂದ್ರ ಇನ್ನೂ ಗಟ್ಟಿ ಐತಿ ಬಿಡ್ರಿ” ಎಂದು ನಕ್ಕರು. ನಾನು ನಗಲಿಲ್ಲ. ಆಗ ಅವರೂ ನಗು ನಿಲ್ಲಿಸಿ, “ಕಂಪನಿಯವರಿಗೆ ಹೇಳೋಣಂತ, ಹೋಗ್ರಿ” ಎಂದರು.

ಕಂಪನಿ ಎಂದರೆ ನಮ್ಮ ಸರ್ವರುಗಳ ರಿಪೇರಿಯ ಗುತ್ತಿಗೆ ಹಿಡಿದಿದ್ದ ಒಬ್ಬ ಮಾಲೀಕರ ಅಂಗಡಿ. ಡಿಸ್ಕು ಹೋದರೆ ಹೊಸದು ಹಾಕಿಕೊಡಬೇಕು ಎಂಬುದು ಗುತ್ತಿಗೆಯಲ್ಲೇ ಇತ್ತು. ಆದರೂ ನಾಲ್ಕು ಸಲ ಬರೆದು, ಆರು ಸಲ ಫೋನು ಮಾಡಿದ ಮೇಲೆ, ಮೂರನೇ ವಾರದಲ್ಲಿ ಅವರ ಎಂಜಿನಿಯರು ಸವದತ್ತಿಗೆ ಹೋಗಿ ಬಂದ. ಮರುದಿನ ನನ್ನ ಮೇಜಿನ ಮೇಲೆ ವರದಿ ಬಂತು. ‘ಕೆಟ್ಟ ಡಿಸ್ಕು ತೆಗೆದು ಹೊಸ ಡಿಸ್ಕು ಹಾಕಲಾಗಿದೆ. ಯಂತ್ರ ಸುಸ್ಥಿತಿಯಲ್ಲಿದೆ.’ ಕೆಳಗೆ ಸವದತ್ತಿ ಆಸ್ಪತ್ರೆಯ ಸಿಕ್ಕಾ, ಸಹಿ.

ಸವದತ್ತಿಯ ಪರದೆ ತೆರೆದೆ. ನಾಲ್ಕೂ ಹಸಿರು. ಮನಸ್ಸು ಹಗುರಾಯಿತು. ಚಹಾ ತರಿಸಿಕೊಂಡೆ.

ನಮ್ಮಪ್ಪ ಬೈಲಹೊಂಗಲದ ಪೇಟೆಯಲ್ಲಿ ಅರಳೆಯ ದಲಾಲರಾಗಿದ್ದರು. ಚೀಲದ ಬಾಯಲ್ಲಿ ಹಾಲಿನಂಥ ಅರಳೆ ಇಟ್ಟು ನಡುವೆ ನೀರು ಹೊಡೆದ ಹೊಲಸು ತುಂಬಿ ತರುವವರನ್ನು ಬೇಕಾದಷ್ಟು ನೋಡಿದ್ದರು. ಅದಕ್ಕೇ ಮೇಲಿನ ಅರಳೆಯನ್ನು ಮುಟ್ಟುತ್ತಲೇ ಇರಲಿಲ್ಲ, ನೇರ ಮೊಳಕೈವರೆಗೆ ಕೈ ತೂರಿಸುತ್ತಿದ್ದರು. ಆ ಚಾಳಿ ನನಗೂ ಬಂದಿರಬೇಕು. ಚಹಾ ಕುಡಿಯುತ್ತ ಸುಮ್ಮನೆ ಆ ಹೊಸ ಡಿಸ್ಕಿನ ಮೇಲೆ ಒತ್ತಿ ಅದರ ವಿವರ ತೆರೆದೆ. ತಯಾರಾಗುವಾಗಲೇ ಪ್ರತಿ ಡಿಸ್ಕಿಗೂ ಒಂದು ನಂಬರು ಕೊಟ್ಟಿರುತ್ತಾರೆ, ಒಂದಕ್ಕಿದ್ದದ್ದು ಇನ್ನೊಂದಕ್ಕೆ ಇರುವುದಿಲ್ಲ. ಹಳದಿಯಾಗಿದ್ದಾಗ ತೆಗೆದ ಪ್ರಿಂಟು ಪಕ್ಕದಲ್ಲೇ ಇತ್ತು. ಎರಡನ್ನೂ ಬೆರಳಿಟ್ಟು ಓದಿದೆ. ಒಂದೇ ನಂಬರು. ಡಿಸ್ಕು ಒಟ್ಟು ಎಷ್ಟು ತಾಸು ದುಡಿದಿದೆ ಎಂಬುದನ್ನೂ ಯಂತ್ರ ಹೇಳುತ್ತದೆ. ನಿನ್ನೆ ಹಾಕಿದ ಹೊಸ ಡಿಸ್ಕು ಐದು ವರ್ಷ ದುಡಿದಿತ್ತು.

ಡಿಸ್ಕನ್ನು ಹೊರಗೆಳೆದು, ಮತ್ತೆ ಅದನ್ನೇ ಅದೇ ಕಂಡಿಯಲ್ಲಿ ತಳ್ಳಿದ್ದರು. ಹಾಗೆ ಮಾಡಿದರೆ ಯಂತ್ರ ಅದನ್ನು ಹೊಸಬನೆಂದು ನಂಬಿ ಕೆಲವು ದಿನ ಹಸಿರು ತೋರಿಸುತ್ತದೆ.

ಎಂಜಿನಿಯರಿಗೆ ಫೋನು ಮಾಡಿದೆ. ಸಿಟ್ಟು ಹೊರಬೀಳದಂತೆ ನಿಧಾನವಾಗಿ ಮಾತಾಡಿದೆ.

“ಸವದತ್ತಿಗೆ ಹೊಸಾ ಡಿಸ್ಕ್ ಹಾಕೀರೇನ್ರಿ?”

“ಹೂಂ ಮೇಡಂ. ಹಸರ ಲೈಟ್ ಬಂದೈತಲ್ರಿ?”

“ಲೈಟಿನ ಮಾತ ಬಿಡ್ರಿ. ನಂಬರ ಅದ ಐತಿ. ತಗದದ್ದನ್ನ ತಿರಗಿ ಹಾಕೀರಿ.”

 ಅವನು ದನಿ ತಗ್ಗಿಸಿ, “ನನಗ ಏನ್ ಹೇಳಿದ್ರೋ ಅಷ್ಟ ಮಾಡೇನ್ರಿ ಮೇಡಂ. ಮಾಲಕರ ಕಡೆ ಮಾತಾಡ್ರಿ” ಎಂದು ಇಟ್ಟುಬಿಟ್ಟ.

ನಾನು ಮಾತಾಡುವ ಮೊದಲೇ ಮಾಲೀಕರು ಮಾತಾಡಿದ್ದರು, ನನ್ನೊಡನೆ ಅಲ್ಲ, ಆಡಳಿತಾಧಿಕಾರಿಗಳೊಡನೆ. ಎರಡು ದಿನ ಬಿಟ್ಟು ನನ್ನನ್ನು ಕರೆಸಿದರು. ಮಾಲೀಕರು ಎದುರಿಗೆ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೇಜಿನ ಮೇಲೆ ಅವರು ತಂದ ಬೆಳಗಾವಿ ಕುಂದಾ ಸಿಹಿಯ ಡಬ್ಬಿ. ನಾನು ಎರಡು ಪ್ರಿಂಟುಗಳನ್ನೂ ಪಕ್ಕಪಕ್ಕ ಇಟ್ಟೆ.

ಮಾಲೀಕರು ಅವನ್ನು ಕಣ್ಣೆತ್ತಿಯೂ ನೋಡಲಿಲ್ಲ. “ಮೇಡಂ ಇಲ್ಲೆ ಕುಂತ ನೋಡ್ತಾರ್ರಿ ಸಾಹೇಬ್ರ. ನಮ್ಮ ಹುಡುಗ ಅಲ್ಲಿ ಹೋಗಿ ಕೈಯಾರೆ ಹಾಕ್ಯಾನ. ದೂರ ಕುಂತ ನೋಡಿದ್ರ ಒಮ್ಮೊಮ್ಮೆ ಹಳೇ ನಂಬರ ತೋರಸ್ತೈತಿ. ಸಾಫ್ಟವೇರ್ ಹಳೇದ ಐತಿ.”

“ಹಂಗ ತೋರ್ಸೂದಿಲ್ರಿ,” ಎಂದೆ. “ಹೊಸಾ ಡಿಸ್ಕ್ ಖರೇ ತಂದಿದ್ರ ಅದರ ನಂಬರ ಹೇಳ್ರಿ. ಬಿಲ್ಲಿನ್ಯಾಗ ಇರತೈತಲ್ರಿ.”

“ಅದನ್ನೇನ ಜೇಬಿನ್ಯಾಗ ಇಟ್ಕೊಂಡ ತಿರಗತೇನೇನ್ರಿ?”

ಆಡಳಿತಾಧಿಕಾರಿಗಳು ಇಬ್ಬರಿಗೂ ಅಂಗೈ ತೋರಿಸಿ ತಡೆದರು. “ಬಾಯಾರ, ಇವರು ಹತ್ತ ವರ್ಷದಿಂದ ನಮ್ಮ ಕೆಲಸಾ ಮಾಡಾಕ ಹತ್ಯಾರ. ಮನುಷ್ಯಾರ ಮಾತಿಗಿಂತ ಮಿಶನ್ನಿನ ಮಾತ ಹೆಚ್ಚಾತೇನ್ರಿ?”

ಹೆಚ್ಚಾಯಿತು ಎಂದೆ. ಹಾಗೆ ಹೇಳಬಾರದಿತ್ತೇನೋ. ಆದರೆ ಆ ಕೋಣೆಯಲ್ಲಿ ಸುಳ್ಳು ಹೇಳಲು ಕಾರಣವಿಲ್ಲದೆ ಇದ್ದದ್ದು ಆ ಯಂತ್ರವೊಂದೇ. ಆಡಳಿತಾಧಿಕಾರಿಗಳ ಮುಖ ಗಂಟಾಯಿತು. ಮರುದಿನ ಒಂದು ಆಫೀಸು ಆದೇಶ ಬಂತು: ಸವದತ್ತಿಯ ಯಂತ್ರದ ಮೇಲ್ವಿಚಾರಣೆ ಇನ್ನು ಮುಂದೆ ಕಂಪನಿಯವರದು. ಪಾಸ್‌ವರ್ಡ್ ಅವರಿಗೆ ಒಪ್ಪಿಸಬೇಕು. ನಾನು ಉಳಿದ ಮೂರು ಊರು ನೋಡಿಕೊಂಡರೆ ಸಾಕು.

ಒಪ್ಪಿಸಿದೆ. ಕಳ್ಳನ ಕೈಗೆ ಕೀಲಿಕೈ ಕೊಟ್ಟ ಹಾಗೆ ಎಂದು ಆ ಆದೇಶದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದೆ, ಮತ್ತೆ ಅಳಿಸಿದೆ. ನನಗೆ ಇನ್ನೂ ಸಿಟ್ಟು ಬರುವುದು ಅದನ್ನು ಅಳಿಸಿದ್ದಕ್ಕೆ.

ಅಲ್ಲಿಂದ ಮುಂದೆ ಐದು ವಾರ ನನ್ನ ಬೆಳಗಿನ ಪರದೆಯ ಮೇಲೆ ಮೂರೇ ಊರು. ಸವದತ್ತಿ ಇದ್ದ ಮೂಲೆ ಖಾಲಿ. ಅದರ ಬಗ್ಗೆ ಬರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಆಡಳಿತಾಧಿಕಾರಿಗಳಿಗೆ ವಾರಕ್ಕೊಂದು ಇಮೇಲು ಹಾಕಿದೆ. ಎರಡಕ್ಕೆ ‘ನೋಡಲಾಗಿದೆ’ ಎಂದು ಉತ್ತರ ಬಂತು. ಉಳಿದವಕ್ಕೆ ಅದೂ ಬರಲಿಲ್ಲ.

ಒಂದು ಗುರುವಾರ ಹತ್ತು ಗಂಟೆಗೆ ಸವದತ್ತಿಯಿಂದ ಎಕ್ಸ್‌ರೇ ವಿಭಾಗದ ನರ್ಸಮ್ಮ ಫೋನು ಮಾಡಿದರು. “ಬಾಯಾರ, ಹಳೇ ಎಕ್ಸ್‌ರೇ ಫೋಟೋ ಒಂದೂ ತಗೀವಲ್ವು ನೋಡ್ರಿ. ಮಂದಿ ಹೊರಗಿನ ಮಟಾ ಪಾಳಿ ಹಚ್ಯಾರ. ಕಂಪನಿಯವರು ಫೋನ್ ಎತ್ತವಲ್ರು.”

ಆಡಳಿತಾಧಿಕಾರಿಗಳು ತಾವೇ ನನ್ನ ಕೋಣೆಗೆ ಬಂದರು. ಆ ಕೋಣೆಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಪಾಸ್‌ವರ್ಡ್ ಬರೆದ ಚೀಟಿ ಕೈಯಲ್ಲಿತ್ತು. ನಾನು ಒಪ್ಪಿಸಿದ್ದ ಪಾಸ್‌ವರ್ಡೇ. ಅದನ್ನು ಬದಲಿಸುವಷ್ಟು ಕೆಲಸವನ್ನೂ ಅವರ್ಯಾರೂ ಮಾಡಿರಲಿಲ್ಲ.

ತೆರೆದೆ. ಮೂರನೇ ಡಿಸ್ಕು ಕೆಂಪು. ಒಂದನೇ ಡಿಸ್ಕೂ ಕೆಂಪು.

ಯಂತ್ರ ತನಗಾದದ್ದನ್ನೆಲ್ಲ ತಾರೀಖು ಸಮೇತ ಬರೆದಿಟ್ಟುಕೊಳ್ಳುತ್ತದೆ. ಆ ದಾಖಲೆಯನ್ನು ಕೆಳಗಿನಿಂದ ಮೇಲಕ್ಕೆ ಓದಿದೆ. ನನ್ನ ಕೈಯಿಂದ ಪಾಸ್‌ವರ್ಡ್ ಹೋದ ಒಂಬತ್ತನೇ ದಿನ ಮೂರನೇ ಡಿಸ್ಕು ಸತ್ತಿತ್ತು. ಅಂದಿನಿಂದ ಯಂತ್ರ ಮೂರೇ ಡಿಸ್ಕಿನ ಮೇಲೆ ನಡೆದಿತ್ತು. ‘ಒಂದು ಡಿಸ್ಕು ಇಲ್ಲ, ಗಮನಿಸಿ’ ಎಂದು ದಿನಾ ಬರೆದಿತ್ತು. ಆಮೇಲೆ ‘ಕೋಣೆ ಬಿಸಿಯಾಗಿದೆ, ಗಮನಿಸಿ.’ ಆಮೇಲೆ ಒಂದನೇ ಡಿಸ್ಕಿನ ಹೆಸರೆತ್ತಿ ‘ಇದೂ ಕೆಡಲಿದೆ, ಗಮನಿಸಿ.’ ಅದರ ಮಾತು ಕೇಳಲು ಒಬ್ಬರೂ ಒಳಗೆ ಬಂದಿರಲಿಲ್ಲ. ಯಾರು ಯಾವಾಗ ಬಂದು ನೋಡಿದರು ಎಂಬುದೂ ಆ ದಾಖಲೆಯಲ್ಲಿರುತ್ತದೆ. ಕೊನೆಗೆ ಬಂದು ಹೋದವಳು ನಾನು, ಐದು ವಾರದ ಹಿಂದೆ.

ಆಡಳಿತಾಧಿಕಾರಿಗಳು ನನ್ನ ಹೆಗಲ ಹಿಂದೆ ನಿಂತು ಅದನ್ನೆಲ್ಲ ಓದಿದರು. “ಈಗ ಏನ್ ಮಾಡೂದ್ರಿ?” ಎಂದರು. ನಾನು ಚೀಲ ಎತ್ತಿಕೊಂಡು ಸವದತ್ತಿಯ ಬಸ್ಸು ಹಿಡಿದೆ.

ಸರ್ವರ್ ಕೋಣೆ ಮೆಟ್ಟಿಲ ಕೆಳಗೆ. ಬಾಗಿಲು ತೆರೆದರೆ ಒಲೆಯ ಬಾಯಿ ತೆರೆದ ಹಾಗೆ ಬಿಸಿಗಾಳಿ ಬಡಿಯಿತು. ಎಸಿ ಇರಬೇಕಾದ ಗೋಡೆಯಲ್ಲಿ ತೂತು, ತೂತಿಗೆ ರಟ್ಟು. “ಎಸಿ ಎಲ್ಲಿ ಹೋತ್ರಿ?” ಎಂದೆ. ಟ್ರಸ್ಟಿನ ಹಿರಿಯರು ಬಂದಾಗ ಕೂರುವ ಕೋಣೆಗೆ ಸಾಗಿಸಿದ್ದಾರೆ ಎಂದು ನರ್ಸಮ್ಮ ಹೇಳಿದರು. ಹಿರಿಯರು ಬರುವುದು ತಿಂಗಳಿಗೊಮ್ಮೆ.

ಮೂರನೇ ಡಿಸ್ಕನ್ನು ಹೊರಗೆಳೆದೆ. ಅದರ ಬೆನ್ನಿನ ಮೇಲೆ ಕಂಪನಿಯ ಹೊಸ ಚೀಟಿ ಅಂಟಿತ್ತು, ‘ಹೊಸದು’ ಎಂದು ಬರೆದು ತಾರೀಖು ಹಾಕಿತ್ತು. ಉಗುರಿನಿಂದ ಚೀಟಿ ಕಿತ್ತೆ. ಅದರ ಕೆಳಗೆ ಐದು ವರ್ಷದ ಧೂಳು ಹಾಗೇ ಇತ್ತು, ಧೂಳಿನ ಕೆಳಗೆ ಹಳೇ ನಂಬರು. ಧೂಳು ಒರೆಸುವ ಪುರುಸೊತ್ತೂ ಅವರಿಗೆ ಇರಲಿಲ್ಲ. ಮೋಸ ಮಾಡುವಾಗಲೂ ಇಷ್ಟು ಅಸಡ್ಡೆಯೇ ಎಂದು ನನಗೆ ಮೈ ಉರಿಯಿತು. ಫೋಟೋ ತೆಗೆದುಕೊಂಡು, ನಾಲ್ಕೂ ಡಿಸ್ಕುಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು ಹೊರಗೆ ಬಂದೆ.

ಕೌಂಟರಿನ ಮುಂದೆ ಗದ್ದಲ ನಡೆದಿತ್ತು. ಐವತ್ತೈದರ ಆಸುಪಾಸಿನ ಒಬ್ಬ ಹೆಣ್ಣುಮಗಳು ಕಿಟಕಿಯ ಕಟ್ಟೆಗೆ ಎರಡೂ ಕೈ ಊರಿ ನಿಂತಿದ್ದರು. ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ಉಗುರಿನ ಸಂದಿಯೆಲ್ಲ ಅರಿಷಿಣ. ಆಮೇಲೆ ತಿಳಿಯಿತು, ಅವರದು ಉಗರಗೋಳದಲ್ಲಿ ಗುಡ್ಡದ ದೇವಿಗೆ ಹೋಗುವವರಿಗೆ ಭಂಡಾರದ ಅರಿಷಿಣ, ಕುಂಕುಮ ಮಾರುವ ಅಂಗಡಿ.

ಕೌಂಟರಿನವ ಹೇಳುತ್ತಿದ್ದ. “ನಿಮ್ಮ ಫೋಟೋ ನೀವ ಜ್ವಾಕಿ ಮಾಡ್ಕೋಬೇಕಾಗಿತ್ರಿ. ನಾವೇನ್ ಮಾಡೂನು?”

“ಏ, ನೀವ ಕೊಟ್ಟಿಲ್ಲಲ್ಲೋ ತಮ್ಮಾ! ಕೇಳಿದ್ರ ಎಲ್ಲಾ ಕಂಪ್ಯೂಟರ್ನ್ಯಾಗ ಐತಿ, ಕಾಗದ ಯಾಕ ಅಂದ್ರಿ. ಅಲ್ಲಿ ಬೋರ್ಡ ಹಚ್ಚೀರಲ್ಲ, ಓದಾಕ ಬರತೈತಿ ನನಗ. ಮುಲ್ಕಿ ಪಾಸ್ ಆದಾಕಿ ನಾ.”

ಎದೆಯ ಡಾಕ್ಟರು ಹೊರಗೆ ಬಂದು ಅವರಿಗೆ ಸಮಾಧಾನ ಹೇಳಿದರು. ನಾನು ಎರಡು ಮಾರು ದೂರದಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ. ಆ ಹೆಣ್ಣುಮಗಳಿಗೆ ಕೆಮ್ಮು ಬಂದು ಅಂದು ಎಕ್ಸ್‌ರೇ ತೆಗೆದಾಗ ಬಲ ಪುಪ್ಪಸದಲ್ಲಿ ಒಂದು ನೆರಳು ಕಂಡಿತ್ತು. ಹರೆಯದಲ್ಲಿ ಟಿ.ಬಿ. ಆಗಿ ವಾಸಿಯಾಗಿತ್ತಂತೆ. ನೆರಳು ಆ ಹಳೇ ಗಾಯದ ಕಲೆಯಾಗಿದ್ದರೆ ಭಯವಿಲ್ಲ, ಹೊಸದಾಗಿ ಬೆಳೆದದ್ದಾದರೆ ಭಯ. ಮೂರು ವರ್ಷದ ಹಿಂದೆ ಇಲ್ಲೇ ತೆಗೆದ ಎಕ್ಸ್‌ರೇಯನ್ನು ಪಕ್ಕದಲ್ಲಿಟ್ಟು ನೋಡಿದರೆ ಎರಡು ನಿಮಿಷದಲ್ಲಿ ತಿಳಿಯುವ ಮಾತು.

“ವರದಿ ಐತ್ರಿ,” ಎಂದರು ಡಾಕ್ಟರು. “ನೆರಳು ಐತಿ ಅಂತ ಒಂದ ಸಾಲ ಬರದಾರ. ಎಷ್ಟ ದೊಡ್ಡದು ಅಂತ ಬರದಿಲ್ಲ. ಫೋಟೋ ಇಲ್ಲದ ನಾ ಧೈರ್ಯಾ ಹೇಳಾಕ ಆಗೂದಿಲ್ರಿ ಅಬಾಯಿ. ಬೆಳಗಾವಿಗೆ ಹೋಗಿ ಸ್ಕ್ಯಾನ್ ಮಾಡಸ್ರಿ. ಸೂಜಿ ಹಾಕಿ ತುಣುಕ ತಗದು ನೋಡಬೇಕಾಗಬಹುದು.”

“ಎದಿಯೊಳಗ ಸೂಜಿ?” ಎಂದರು ಆಕೆ. ದನಿಯಲ್ಲಿದ್ದ ಜೋರೆಲ್ಲ ಒಮ್ಮೆಲೇ ಇಳಿಯಿತು.

ಆ ಎಕ್ಸ್‌ರೇ ಇದ್ದ ಡಿಸ್ಕುಗಳು ನನ್ನ ಚೀಲದಲ್ಲಿದ್ದವು. ಮುಂದೆ ಹೋಗಿ, ತಾಯಿ, ತಪ್ಪು ನಿಮ್ಮದಲ್ಲ ನಮ್ಮದು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಡಿಸ್ಕುಗಳನ್ನು ಬೇಗ ಬೆಂಗಳೂರಿಗೆ ಕಳಿಸಬೇಕು, ಉಳಿದದ್ದನ್ನು ಉಳಿಸಬೇಕು ಎಂಬ ಅವಸರವನ್ನು ನೆಪ ಮಾಡಿಕೊಂಡು ಅವರ ಬೆನ್ನ ಹಿಂದಿನಿಂದ ದಾಟಿ ಹೊರಗೆ ಬಂದೆ.

ಸತ್ತ ಡಿಸ್ಕುಗಳಿಂದ ಹೆಕ್ಕಿ ತೆಗೆಯುವವರು ಬೆಂಗಳೂರಿನಲ್ಲಿದ್ದಾರೆ. ಒಂದು ತಿಂಗಳಾದ ಮೇಲೆ ಅರ್ಧದಷ್ಟು ಚಿತ್ರ ಮರಳಿ ಬಂದವು. ಮರಳಿ ಬಂದವುಗಳಲ್ಲಿ ಆ ಉಗರಗೋಳದವರದು ಇದೆಯೇ ಎಂದು ಮೊದಲು ಹುಡುಕಿದೆ. ಇರಲಿಲ್ಲ.

ಆಸ್ಪತ್ರೆಯಲ್ಲಿ ಅಂಟಿಸಲು ಒಂದು ಪ್ರಕಟಣೆ ಬರೆಸಿದರು. ‘ತಾಂತ್ರಿಕ ಕಾರಣದಿಂದ ಕೆಲವು ಹಳೆಯ ಎಕ್ಸ್‌ರೇಗಳು ಲಭ್ಯವಿರುವುದಿಲ್ಲ.’ ಆ ಮಾತಿನ ಕೆಳಗೆ ನಾನು ಸಹಿ ಹಾಕಬೇಕೆಂದು ಆಡಳಿತಾಧಿಕಾರಿಗಳ ಅಪೇಕ್ಷೆ. ತಾಂತ್ರಿಕ ಅಧಿಕಾರಿ ನಾನಲ್ಲವೇ.

“ತಾಂತ್ರಿಕ ಕಾರಣ ಅಲ್ರಿ ಸರ್ ಇದು. ತಂತ್ರ ಮೊದಲಿನ ದಿನದಿಂದ ಖರೇನ ಹೇಳೈತಿ. ಸುಳ್ಳ ಹೇಳಿದವರು ನಾವು.”

“ಅಷ್ಟ ಜೋರ ಮಾತಾಡಬ್ಯಾಡ್ರಿ ಬಾಯಾರ. ಹೊರಗ ಮಂದಿ ಅದಾರ.”

ನಾನು ಸಹಿ ಹಾಕಲಿಲ್ಲ. ಬದಲಿಗೆ ಎರಡು ಪುಟದ ಪತ್ರ ಬರೆದೆ. ಯಾವ ದಿನ ಹಳದಿ ಕಂಡಿತು, ಯಾವ ದಿನ ಯಾರಿಗೆ ಹೇಳಿದೆ, ಯಾವ ಚೀಟಿಯ ಕೆಳಗೆ ಯಾವ ನಂಬರು ಇತ್ತು, ಎಸಿ ಎಲ್ಲಿಗೆ ಹೋಯಿತು, ಎಲ್ಲ ಬರೆದು, ಫೋಟೋ ಹಚ್ಚಿ, ಟ್ರಸ್ಟಿನ ಪ್ರತಿಯೊಬ್ಬ ಸದಸ್ಯರಿಗೂ ಅಂಚೆಯಲ್ಲಿ ಕಳಿಸಿದೆ. ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ಹೋಗಲಿಲ್ಲ. ಕಂಪನಿಯ ಸವದತ್ತಿ ಗುತ್ತಿಗೆ ಮಾತ್ರ ಹೋಯಿತು. ಬಿಳಿ ಅಂಗಿಯ ಮಾಲೀಕರು ಉಳಿದ ಊರುಗಳ ಗುತ್ತಿಗೆಯನ್ನು ಉಳಿಸಿಕೊಂಡರು. ಈಗಲೂ ಕಾರಿಡಾರಿನಲ್ಲಿ ಎದುರಾದರೆ “ಆರಾಮ ಅದೀರಿ ಮೇಡಂ?” ಎನ್ನುತ್ತಾರೆ. ನಾನು ಗೋಡೆ ನೋಡುತ್ತೇನೆ.

ಆದರೆ ಉಗರಗೋಳದ ಆ ಹೆಣ್ಣುಮಗಳು ನನ್ನ ಮನಸ್ಸಿನಿಂದ ಹೋಗಲಿಲ್ಲ. ನನ್ನ ಸಹಿ ಇಲ್ಲದೆಯೇ ಪ್ರಕಟಣೆ ಹಚ್ಚಿದ ಮೇಲೂ ಕೌಂಟರಿನವರು ಬಂದವರಿಗೆಲ್ಲ ‘ನೀವೇ ಇಟ್ಟುಕೊಳ್ಳಬೇಕಿತ್ತು’ ಎಂದೇ ಹೇಳುತ್ತಿದ್ದರೆಂದು ನರ್ಸಮ್ಮ ತಿಳಿಸಿದರು. ಒಂದು ರವಿವಾರ ವಿಳಾಸ ಹುಡುಕಿಕೊಂಡು ಉಗರಗೋಳಕ್ಕೆ ಹೋದೆ.

ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವರು ಹೋಗುವವರೆಗೆ ಕಾದೆ. ಆಮೇಲೆ ನಾನು ಯಾರು ಎಂದು ಹೇಳಿದೆ. ಆಕೆ ಅಳತೆಯ ಬಟ್ಟಲನ್ನು ಭಂಡಾರದ ಬುಟ್ಟಿಯಲ್ಲಿ ನೆಟ್ಟು, “ಕುಂಡ್ರಿ” ಎಂದು ಮಣೆ ಸರಿಸಿದರು. ಬೆಳಗಾವಿಗೆ ಹೋಗಿ ಬಂದಿದ್ದರು. ಸೂಜಿ ಹಾಕಿದ್ದರು. ಪುಪ್ಪಸದಿಂದ ಗಾಳಿ ಸೋರಿ ನಾಲ್ಕು ದಿನ ಎದೆಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದರು. ಕೊನೆಗೆ ತುಣುಕಿನಲ್ಲಿ ಏನೂ ಇರಲಿಲ್ಲ. ಹಳೇ ಕಲೆ.

“ಏನೂ ಇಲ್ಲ ಅಂದ್ರು,” ಎಂದರು ಆಕೆ. “ಏನೂ ಇಲ್ಲದ್ದಕ್ಕ ಇಷ್ಟೆಲ್ಲಾ ಆತು.”

ನಾನು ನಡೆದದ್ದನ್ನೆಲ್ಲ ಹೇಳಿದೆ. ಹಳದಿ ಗುರುತು, ಸುಳ್ಳು ವರದಿ, ನನ್ನಿಂದ ಪಾಸ್‌ವರ್ಡ್ ಕಿತ್ತುಕೊಂಡದ್ದು. ನನಗೆ ಮೋಸವಾದ ಕಥೆಯಂತೆ ಹೇಳಿದೆ. ಕೇಳಿ ‘ಪಾಪ’ ಎನ್ನುತ್ತಾರೆ ಎಂದು ಒಳಗೊಳಗೇ ಕಾದಿದ್ದೆ ಎಂದು ಕಾಣುತ್ತದೆ. ಆಕೆ ಎನ್ನಲಿಲ್ಲ.

“ನಿಮಗ ಗೊತ್ತಿತ್ತು?”

“ಗೊತ್ತಿತ್ರಿ. ಎಷ್ಟ ಸರ್ತಿ ಬರದು ಕಳಿಸಿದೆ.”

“ಬರದ್ರ ಆತೇನ್ರಿ ಬಾಯಾರ? ಮನಿಗೆ ಬೆಂಕಿ ಹತ್ತಿದ್ರ ಚೀಟಿ ಬರೀತೀರೇನು? ಬೈಲಹೊಂಗಲದಿಂದ ಸವದತ್ತಿ ಎಷ್ಟ ದೂರ? ಆ ಡಿಸ್ಕೋ ಪಿಸ್ಕೋ ಅದನ್ನ ಆವತ್ತ ಬಂದು ಕಿತ್ತ ನೋಡಿದ್ರ ನನ್ನ ಎದಿಗೆ ತೂತ ಬೀಳತಿತ್ತೇನು?”

 ಇಷ್ಟು ದಿನ ಎಲ್ಲರ ಮೇಲೂ ಸಿಟ್ಟಾಗಿ ತಿರುಗಿದವಳು, ಪರದೆಯಲ್ಲಿ ನಂಬರು ನೋಡಿದ ದಿನವೇ ಬಸ್ಸು ಹತ್ತಿದ್ದರೆ ಆ ಚೀಟಿ ಅಂದೇ ಕೀಳಬಹುದಿತ್ತು ಎಂಬುದನ್ನು ಒಂದು ಸಲವೂ ಯೋಚಿಸಿರಲಿಲ್ಲ. ಕುಳಿತ ಜಾಗದಿಂದ ಎಲ್ಲ ಕಾಣುತ್ತದೆ ಎಂಬ ಜಂಬ ನನಗೂ ಇತ್ತು. ತಪ್ಪಾಯಿತು ಎಂದೆ.  ಆಕೆ ಒಳಗಿನಿಂದ ಚಹಾ ತಂದು ಕೊಟ್ಟು, “ನಾಳಿ ಬರತೇನಿ ನಿಮ್ಮ ದವಾಖಾನಿಗೆ. ನಿಮ್ಮ ದೊಡ್ಡ ಸಾಹೇಬ್ರ ಮುಂದ ಕುಂಡ್ರಸ್ರಿ ನನ್ನ” ಎಂದರು.

ಹೇಳಿದಂತೆ ಸೋಮವಾರ ಮೊದಲ ಬಸ್ಸಿಗೇ ಬೈಲಹೊಂಗಲಕ್ಕೆ ಬಂದರು. ನಾನು ಅವರನ್ನು ನೇರ ಆಡಳಿತಾಧಿಕಾರಿಗಳ ಕೋಣೆಗೆ ಕರೆದುಕೊಂಡು ಹೋಗಿ, ಅವರು ಯಾರು, ಅವರಿಗೇನಾಯಿತು ಎಂದು ಹೇಳಿದೆ. ಆಡಳಿತಾಧಿಕಾರಿಗಳು ಎದ್ದು ನಿಂತು ಕೈ ಮುಗಿದರು. ಪರಿಹಾರದ ಮಾತೆತ್ತಿದರು. ಆಕೆ ಕೈ ಅಡ್ಡ ಹಿಡಿದರು.

“ರೊಕ್ಕ ಬ್ಯಾಡ ನನಗ. ಮತ್ತೊಮ್ಮೆ ಕೆಮ್ಮ ಬಂದು ಮತ್ತೊಬ್ಬ ಡಾಕ್ಟರ್ ಕಡೆ ಹೋದ್ರ, ಹಳೇ ಫೋಟೋ ಎಲ್ಲಿ ಅಂತಾರ. ನಾ ಕಳದೇನಿ ಅಂತ ಬೈತಾರ. ನಾ ಕಳದಿಲ್ಲ, ನೀವ ಕಳದೀರಿ ಅಂತ ಬರದ ಕೊಡ್ರಿ. ಸಿಕ್ಕಾ ಹಾಕಿ ಕೊಡ್ರಿ.”

ಆಡಳಿತಾಧಿಕಾರಿಗಳು ನನ್ನ ಮುಖ ನೋಡಿದರು. ನಾನು ಆಸ್ಪತ್ರೆಯ ಹೆಸರಿದ್ದ ಒಂದು ಹಾಳೆ ಅವರ ಮುಂದಿಟ್ಟೆ. ಅವರು ಪೆನ್ನು ತೆಗೆದು, ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದರು. ಆಕೆ ಹಾಳೆ ತೆಗೆದುಕೊಂಡು, ಕಣ್ಣಿಗೆ ಹತ್ತಿರ ಹಿಡಿದು, ದೊಡ್ಡದಾಗಿ ಓದಿದರು.

“‘ಸದರಿಯವರ ಹಳೆಯ ಎಕ್ಸ್‌ರೇ ಕಳೆದುಹೋಗಿರುತ್ತದೆ.’ ಕಳದ ಹೋಗೈತಿ ಅಂತ ಬರದೀರಿ. ಅದಕ್ಕೇನ ಕಾಲ ಅದಾವೇನ್ರಿ ಸಾಹೇಬ್ರ, ತಾನ ಎದ್ದ ಹೋಗಾಕ?”

“ಎರಡೂ ಒಂದ ಅರ್ಥರಿ ಅಬಾಯಿ. ಆಫೀಸಿನ ಭಾಷಾ ಹಂಗ ಇರತೈತಿ.”

“ಒಂದ ಅರ್ಥ ಇದ್ರ ನಾ ಹೇಳಿದಂಗ ಬರೀರಿ ಮತ್ತ.”

 ಆಡಳಿತಾಧಿಕಾರಿಗಳ ಕಿವಿ ಕೆಂಪಾಗಿದ್ದವು. ಒಂದು ಕ್ಷಣ ಹಾಳೆ ಹರಿದು ಬಿಸಾಕುತ್ತಾರೆ ಎಂದುಕೊಂಡೆ. ಅವರು ಬರೆದ ಸಾಲಿನ ಮೇಲೆ ಅಡ್ಡ ಗೆರೆ ಎಳೆದರು. ಕೆಳಗೆ ಮತ್ತೆ ಬರೆದರು: ‘ಸದರಿಯವರ ಹಳೆಯ ಎಕ್ಸ್‌ರೇಯನ್ನು ನಮ್ಮ ಆಸ್ಪತ್ರೆಯವರು ಕಳೆದಿದ್ದಾರೆ. ಇದರಲ್ಲಿ ಸದರಿಯವರ ತಪ್ಪು ಇರುವುದಿಲ್ಲ.’ ಸಹಿ ಹಾಕಿದರು. ಸಿಕ್ಕಾ ಒತ್ತಿದರು.

ಆಕೆ ಅದನ್ನೂ ದೊಡ್ಡದಾಗಿ ಓದಿದರು. ಈ ಸಲ ನಡುವೆ ನಿಲ್ಲಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, “ಇದರದು ನಾಕ ಝೆರಾಕ್ಸ್ ತಗಸ್ರಿ ಬಾಯಾರ,” ಎಂದರು. “ಮೂರ ನನ್ನ ಕಡೆ ಇರಲಿ, ಒಂದ ನಿಮ್ಮ ಕಡೆ. ನಿಮ್ಮ ಕಂಪ್ಯೂಟರ್ನ್ಯಾಗ ಮಾತ್ರ ಇಡಬ್ಯಾಡ್ರಿ.”